ನರ್ಸಿಂಗ್ ಕೆಲಸದಲ್ಲಿ ಮಾಹಿತಿ ತಂತ್ರಜ್ಞಾನ: ಪದೇ ಪದೇ ಕೇಳುವ ಪ್ರಶ್ನೆಗಳು

ನರ್ಸಿಂಗ್ ವಿದ್ಯಾರ್ಥಿಗಳು, ಹೊಸದಾಗಿ ವಾರ್ಡ್‌ಗೆ ಬಂದವರು, ವರ್ಷಗಟ್ಟಲೆ ಕಾಗದದ ಚಾರ್ಟ್ ತುಂಬಿ ಈಗ ಪರದೆ ಮುಂದೆ ನಿಂತಿರುವ ಹಿರಿಯ ಸಿಸ್ಟರ್‌ಗಳು, ಎಲ್ಲರೂ ಹೆಚ್ಚು ಕಡಿಮೆ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಸಾಲಾಗಿ ಓದಲೇಬೇಕು ಅಂತೇನಿಲ್ಲ. ಪುರುಸೊತ್ತು ಕಡಿಮೆ ಇದ್ದರೆ ಎಂಟ್ರಿಯ ಸಮಯ, ಬಾರ್‌ಕೋಡ್, ಎಚ್ಚರಿಕೆ ಅಂಕ ಈ ಮೂರು ಉತ್ತರಗಳನ್ನಾದರೂ ಓದಿಕೊಳ್ಳಿ.

ನಾವು ಬಂದಿದ್ದು ರೋಗಿಗಳನ್ನು ನೋಡಿಕೊಳ್ಳೋಕೆ ಅಲ್ವಾ? ಕಂಪ್ಯೂಟರ್ ನಮಗೆ ಯಾಕೆ?

ಕಂಪ್ಯೂಟರ್ ಹೊಸದು ನಿಜ. ಆದರೆ ಅಳೆಯೋದು, ಬರೆದಿಡೋದು, ಬರೆದದ್ದನ್ನು ನೋಡಿ ತೀರ್ಮಾನಕ್ಕೆ ಬರೋದು ನರ್ಸ್‌ಗೆ ಹೊಸದಲ್ಲ. ಕ್ರಿಮಿಯನ್ ಯುದ್ಧದಿಂದ ವಾಪಸ್ ಬಂದ ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ಒಂದು ಚಿತ್ರ ಮಾಡಿ ತೋರಿಸಿದರು. ಸೈನಿಕರು ಗಾಯದಿಂದ ಸತ್ತದ್ದಕ್ಕಿಂತ, ತಡೆಯಬಹುದಾಗಿದ್ದ ರೋಗಗಳಿಂದ ಸತ್ತದ್ದೇ ಜಾಸ್ತಿ ಅನ್ನೋದು ಆ ಚಿತ್ರದಲ್ಲಿ ಎದ್ದು ಕಾಣುತ್ತಿತ್ತು. ದೀಪ ಹಿಡಿದ ನೈಟಿಂಗೇಲ್ ಎಲ್ಲರಿಗೂ ಗೊತ್ತು, ಲೆಕ್ಕದ ಪುಸ್ತಕ ಹಿಡಿದ ನೈಟಿಂಗೇಲ್ ಅಷ್ಟಾಗಿ ಗೊತ್ತಿಲ್ಲ. 1863ರಲ್ಲಿ ಅವರು ದೂರಿದ್ದೇನು ಗೊತ್ತಾ? ಒಂದಕ್ಕೊಂದು ಹೋಲಿಸಿ ನೋಡಲು ಆಗುವಂಥ ದಾಖಲೆ ಹೆಚ್ಚು ಕಡಿಮೆ ಯಾವ ಆಸ್ಪತ್ರೆಯಲ್ಲೂ ಸಿಗುತ್ತಿಲ್ಲ ಅಂತ. ಇವತ್ತಿಗೂ ಆ ದೂರು ಪೂರ್ತಿ ಮುಗಿದಿಲ್ಲ.

ನರ್ಸಿಂಗ್ ಇನ್ಫರ್ಮ್ಯಾಟಿಕ್ಸ್ ಅಂದರೆ ಏನು? ಕಂಪ್ಯೂಟರ್ ಕ್ಲಾಸಾ?

ಅಲ್ಲ. ನರ್ಸಿಂಗ್ ವಿಜ್ಞಾನ, ಮಾಹಿತಿ ವಿಜ್ಞಾನ, ಕಂಪ್ಯೂಟರ್ ವಿಜ್ಞಾನ ಮೂರೂ ಸೇರುವ ಜಾಗ ಅದು. 1989ರಲ್ಲಿ ಗ್ರೇವ್ಸ್ ಮತ್ತು ಕಾರ್ಕರನ್ ಎಂಬಿಬ್ಬರು ಕೊಟ್ಟ ಈ ವಿವರಣೆಯನ್ನೇ ಈಗಲೂ ಪಾಠದಲ್ಲಿ ಹೇಳುತ್ತಾರೆ. 1992ರಲ್ಲಿ ಅಮೆರಿಕನ್ ನರ್ಸಸ್ ಅಸೋಸಿಯೇಷನ್ ಇದನ್ನು ನರ್ಸಿಂಗ್‌ನ ಪ್ರತ್ಯೇಕ ವಿಭಾಗ ಅಂತ ಒಪ್ಪಿಕೊಂಡಿತು. ಪರೀಕ್ಷೆಗೆ ಇಷ್ಟು ಸಾಕು. ಕೆಲಸಕ್ಕೆ ಬೇಕಾದದ್ದು ಮುಂದಿನ ಪ್ರಶ್ನೆಯಲ್ಲಿದೆ.

ಡೇಟಾ, ಮಾಹಿತಿ, ಜ್ಞಾನ, ವಿವೇಕ ಅಂತ ನಾಲ್ಕು ಮೆಟ್ಟಿಲು ಹೇಳ್ತಾರಲ್ಲ, ಅದು ವಾರ್ಡ್‌ನಲ್ಲಿ ಎಲ್ಲಿ ಕಾಣುತ್ತೆ?

ಎಲ್ಲೆಲ್ಲೂ ಕಾಣುತ್ತದೆ. ಒಂದು ಚೀಟಿಯ ಮೇಲೆ 112 ಅಂತ ಬರೆದಿದೆ ಅಂದುಕೊಳ್ಳಿ. ಅದು ಡೇಟಾ. ಯಾರದು, ಯಾವಾಗಿನದು, ಏನನ್ನು ಅಳೆದದ್ದು, ಒಂದೂ ಗೊತ್ತಿಲ್ಲ. "8ನೇ ಬೆಡ್, ಹೊಟ್ಟೆ ಆಪರೇಷನ್ ಆಗಿ ಆರು ಗಂಟೆ, ಪಲ್ಸ್ 112" ಅಂದಾಗ ಅದು ಮಾಹಿತಿ. ಈಗ ಹಿಂದಿನದನ್ನೂ ನೋಡಿ. 4 ಗಂಟೆಗೆ ಪಲ್ಸ್ 84, 5ಕ್ಕೆ 96, 6ಕ್ಕೆ 112. ಮೇಲಿನ ಬಿಪಿ 128 ಇದ್ದದ್ದು 104ಕ್ಕೆ ಇಳಿದಿದೆ. ಮೂತ್ರ ಕಡಿಮೆ ಬಂದಿದೆ. ಕೈಕಾಲು ತಣ್ಣಗಿದೆ. ಇವನ್ನೆಲ್ಲ ಜೋಡಿಸಿ "ಒಳಗೆ ರಕ್ತ ಸೋರುತ್ತಿರಬಹುದು" ಅಂತ ಅನ್ನಿಸಿದರೆ ಅದು ಜ್ಞಾನ. ಮುಂದಿನ ರೌಂಡ್ಸ್‌ವರೆಗೆ ಕಾಯದೆ ಈಗಲೇ ಸರ್ಜನ್‌ಗೆ ಫೋನ್ ಮಾಡಿ, ಅವರು ಬರೋವರೆಗೆ ರೋಗಿ ಪಕ್ಕದಲ್ಲೇ ಒಬ್ಬರನ್ನು ನಿಲ್ಲಿಸೋದು ವಿವೇಕ.

ಮೊದಲ ಎರಡು ಮೆಟ್ಟಿಲಲ್ಲಿ ಕಂಪ್ಯೂಟರ್ ನಮಗಿಂತ ಚುರುಕು. ಮೂರನೆಯದರಲ್ಲಿ ಕೈ ಹಿಡಿಯುತ್ತದೆ. ನಾಲ್ಕನೆಯದು ನಮ್ಮದೇ. ಈ ನಾಲ್ಕನೆಯ ಮೆಟ್ಟಿಲು ಪಟ್ಟಿಗೆ ಸೇರಿದ್ದು ತಡವಾಗಿ. ಅಮೆರಿಕನ್ ನರ್ಸಸ್ ಅಸೋಸಿಯೇಷನ್ ತನ್ನ ವಿವರಣೆಗೆ ವಿವೇಕವನ್ನು ಸೇರಿಸಿದ್ದು 2008ರಲ್ಲಿ.

ಕಂಪ್ಯೂಟರ್ ಬಗ್ಗೆ ಎಷ್ಟು ಗೊತ್ತಿದ್ದರೆ ಸಾಕು?

ತುಂಬಾ ಬೇಡ. ಕೈಗೆ ಸಿಗುವ ಯಂತ್ರ ಹಾರ್ಡ್‌ವೇರ್, ಅದರೊಳಗೆ ಕೆಲಸ ಮಾಡುವ ಪ್ರೋಗ್ರಾಂ ಸಾಫ್ಟ್‌ವೇರ್, ಯಂತ್ರಗಳು ಒಂದಕ್ಕೊಂದು ಮಾತಾಡುವ ದಾರಿ ನೆಟ್‌ವರ್ಕ್, ಎಲ್ಲರ ದಾಖಲೆ ಕೂಡಿಟ್ಟಿರುವ ಜಾಗ ಸರ್ವರ್. ಏನಾದರೂ ಕೆಟ್ಟಾಗ ಈ ನಾಲ್ಕರಲ್ಲಿ ಯಾವುದು ಕೆಟ್ಟಿರಬಹುದು ಅಂತ ಅಂದಾಜು ಸಿಕ್ಕರೆ ಐಟಿಯವರ ಜೊತೆ ಅರ್ಧ ಗಂಟೆ ಒದ್ದಾಡೋದು ತಪ್ಪುತ್ತದೆ. ಪಕ್ಕದ ಕಂಪ್ಯೂಟರ್‌ನಲ್ಲಿ ತೆರೆಯುತ್ತಾ ಅಂತ ಮೊದಲು ನೋಡಿ. ಅಲ್ಲಿ ತೆರೆದರೆ ನಿಮ್ಮ ಯಂತ್ರದ್ದೇ ತೊಂದರೆ. ವಾರ್ಡ್‌ನಲ್ಲಿ ಎಲ್ಲೂ ತೆರೆಯುತ್ತಿಲ್ಲ ಅಂದರೆ ನೆಟ್‌ವರ್ಕ್ ಅಥವಾ ಸರ್ವರ್.

ಇಎಂಆರ್, ಇಎಚ್‌ಆರ್, ಪಿಎಚ್‌ಆರ್ ಎಲ್ಲ ಒಂದೇನಾ?

ಮಾತಲ್ಲಿ ಎಲ್ಲರೂ ಕಲಸಿಬಿಡುತ್ತಾರೆ. ಇಎಂಆರ್ ಅಂದರೆ ಒಂದು ಆಸ್ಪತ್ರೆಯೊಳಗಿನ ಕೇಸ್ ಶೀಟ್, ಕಂಪ್ಯೂಟರ್ ರೂಪದಲ್ಲಿ. ಇಎಚ್‌ಆರ್ ಆ ಗೋಡೆ ದಾಟುತ್ತದೆ. ಬೇರೆ ಆಸ್ಪತ್ರೆ, ಲ್ಯಾಬ್, ಕ್ಲಿನಿಕ್ ಎಲ್ಲದರ ದಾಖಲೆ ಒಬ್ಬ ರೋಗಿಯ ಹೆಸರಲ್ಲಿ ಒಟ್ಟಿಗೆ ಸಿಗಬೇಕು ಅನ್ನೋದು ಅದರ ಉದ್ದೇಶ. ಪಿಎಚ್‌ಆರ್ ರೋಗಿಯ ಕೈಯಲ್ಲೇ ಇರುವ ದಾಖಲೆ. ಏನು ಸೇರಿಸಬೇಕು, ಯಾರಿಗೆ ತೋರಿಸಬೇಕು ಅನ್ನೋದು ರೋಗಿಗೆ ಬಿಟ್ಟದ್ದು.

ಸುಮ್ನೆ ನಾಲ್ಕು ಸಾಲು ಬರೆಯೋ ಬದಲು ಪಟ್ಟಿಯಿಂದ ಆರಿಸಿ ಅಂತಾರೆ. ಯಾಕೆ ಈ ಕಾಟ?

ಒಬ್ಬರು "ಬೆಡ್ ಸೋರ್" ಅಂತ ಬರೆದರು. ಇನ್ನೊಬ್ಬರು "ಸೊಂಟದ ಹತ್ತಿರ ಚರ್ಮ ಕಿತ್ತಿದೆ" ಅಂದರು. ಮೂರನೆಯವರು "ಪ್ರೆಶರ್ ಇಂಜುರಿ, ಸ್ಟೇಜ್ 2" ಅಂತ ನಮೂದಿಸಿದರು. ಮನುಷ್ಯ ಓದಿದರೆ ಮೂರೂ ಒಂದೇ ಇರಬಹುದು ಅಂತ ತಿಳಿಯುತ್ತದೆ. ಕಂಪ್ಯೂಟರ್‌ಗೆ ತಿಳಿಯೋದು ಕಷ್ಟ. ಈ ತಿಂಗಳು ವಾರ್ಡ್‌ನಲ್ಲಿ ಎಷ್ಟು ಜನಕ್ಕೆ ಇಂಥ ಹುಣ್ಣಾಯಿತು, ಮಗ್ಗುಲು ಬದಲಿಸೋದು ಸರಿಯಾಗಿ ನಡೆಯುತ್ತಿದೆಯಾ ಅಂತ ಲೆಕ್ಕ ತೆಗೆಯಲು ಹೋದರೆ ಮೂರರಲ್ಲಿ ಒಂದೇ ಸಿಗುತ್ತದೆ. ನರ್ಸ್ ಮಾಡಿದ ಕೆಲಸ ಲೆಕ್ಕದಿಂದಲೇ ಮಾಯ.

ಇದಕ್ಕಾಗಿಯೇ ಒಪ್ಪಿತ ಪದಗಳ ಪಟ್ಟಿಗಳು ಹುಟ್ಟಿದವು. ಹ್ಯಾರಿಯೆಟ್ ವರ್ಲಿ ಮತ್ತವರ ಜೊತೆಗಾರರು 1980ರ ದಶಕದಲ್ಲಿ, ಪ್ರತಿ ರೋಗಿಗೂ ನರ್ಸಿಂಗ್ ಕಡೆಯಿಂದ ಕನಿಷ್ಠ ಏನೇನು ದಾಖಲಾಗಬೇಕು ಅಂತ 16 ಅಂಶಗಳ ಪಟ್ಟಿ ಮಾಡಿದರು. ನರ್ಸಿಂಗ್ ಡಯಾಗ್ನೋಸಿಸ್‌ಗೆ ನಂದಾ, ಮಾಡಿದ ಕೆಲಸಕ್ಕೆ ನಿಕ್, ಬಂದ ಫಲಕ್ಕೆ ನಾಕ್ ಬಳಕೆಗೆ ಬಂದವು. ಅಂತರರಾಷ್ಟ್ರೀಯ ನರ್ಸ್‌ಗಳ ಮಂಡಳಿಯ ಐಸಿಎನ್‌ಪಿ ಕೂಡ ಇದೇ ಸಾಲಿನದು. ಇಡೀ ಆಸ್ಪತ್ರೆಗೆ ಅನ್ವಯಿಸುವ ಪದಕೋಶ ಸ್ನೋಮೆಡ್, ಲ್ಯಾಬ್ ಪರೀಕ್ಷೆಗಳಿಗೆ ಲಾಯಿಂಕ್. ಪದ ಒಂದೇ ಆದರೂ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗಲು ಒಪ್ಪಿತ ರೀತಿ ಬೇಕಲ್ಲ, ಅದಕ್ಕೆ ಎಚ್‌ಎಲ್7 ಮತ್ತು ಅದರ ಹೊಸ ರೂಪ ಫೈರ್ ಇವೆ. ಇವನ್ನು ಬಾಯಿಪಾಠ ಮಾಡಬೇಕಿಲ್ಲ. ಪಟ್ಟಿಯಲ್ಲಿ ಸರಿಯಾದ ಪದ ಇಲ್ಲ ಅಂದಾಗ ಹತ್ತಿರದ್ದನ್ನು ಒತ್ತಿ ಮುಂದೆ ಹೋಗೋದು ಮಾತ್ರ ಬೇಡ. ಇದ್ದದ್ದನ್ನು ನಿಮ್ಮ ಮಾತಲ್ಲೇ ಬರೆಯಿರಿ, ಆ ಪದ ಪಟ್ಟಿಗೆ ಸೇರಿಸಿ ಅಂತ ಹೇಳಿ. ಪಟ್ಟಿ, ಬರಹ ಎರಡೂ ಬೇಕು. ರೋಗಿ ರಾತ್ರಿಯಿಡೀ ಮಗಳ ಹೆಸರು ಹೇಳಿ ಅಳುತ್ತಿದ್ದರು ಅನ್ನೋದಕ್ಕೆ ಯಾವ ಪಟ್ಟಿಯಲ್ಲೂ ಗುಂಡಿ ಇಲ್ಲ.

ಶಿಫ್ಟ್ ಮುಗಿಯೋವಾಗ ಎಲ್ಲ ಒಟ್ಟಿಗೆ ಎಂಟ್ರಿ ಮಾಡಿದರೆ ಏನಾಗುತ್ತೆ? ಕಾಗದದ ಕಾಲದಲ್ಲಿ ಹಾಗೇ ಮಾಡ್ತಿದ್ದೆವು.

ಕಾಗದ ಇದ್ದದ್ದು ಬೆಡ್ ಪಕ್ಕ. ಓದೋರು ಅಲ್ಲಿಗೇ ಬರುತ್ತಿದ್ದರು, ನಿಮ್ಮನ್ನೂ ಕೇಳುತ್ತಿದ್ದರು. ಈಗ ನೀವು ಎಂಟ್ರಿ ಮಾಡಿದ್ದನ್ನು ನಿಮ್ಮ ಕಣ್ಣಿಗೆ ಕಾಣದವರು ಓದುತ್ತಾರೆ. ಕೆಳಗಿನ ಫಾರ್ಮಸಿಯಲ್ಲಿ, ಮನೆಯಲ್ಲಿರುವ ಡಾಕ್ಟರ್ ಮೊಬೈಲ್‌ನಲ್ಲಿ, ಐಸಿಯುನಲ್ಲಿ. ನೋವಿನ ಇಂಜೆಕ್ಷನ್ 10 ಗಂಟೆಗೆ ಕೊಟ್ಟಿದ್ದೀರಿ, ಎಂಟ್ರಿ ಮಾಡಿಲ್ಲ. 10:40ಕ್ಕೆ ಬಂದ ಇನ್ನೊಬ್ಬ ಸಿಸ್ಟರ್‌ಗೆ ಪರದೆ ಮೇಲೆ "ಬಾಕಿ ಇದೆ" ಅಂತ ಕಾಣುತ್ತದೆ. ರೋಗಿ ನೋವು ಅಂತ ನರಳುತ್ತಿದ್ದಾರೆ. ಎರಡನೇ ಡೋಸ್ ಹೋಗಲು ಇಷ್ಟು ಸಾಕು.

ಇನ್ನೊಂದು ವಿಷಯ ಹೊಸಬರಿಗೆ ಹೊಳೆಯುವುದಿಲ್ಲ. ದಾಖಲೆಯಲ್ಲಿ ಎರಡು ಸಮಯ ಇರುತ್ತದೆ. ಕೆಲಸ ಮಾಡಿದ್ದು ಎಷ್ಟು ಗಂಟೆಗೆ ಅಂತ ನೀವು ಹಾಕುವುದು ಒಂದು. ಎಂಟ್ರಿ ಆದದ್ದು ಎಷ್ಟು ಗಂಟೆಗೆ ಅಂತ ಯಂತ್ರವೇ ಗುರುತು ಹಾಕಿಕೊಳ್ಳುವುದು ಇನ್ನೊಂದು. ಎರಡೂ ಉಳಿಯುತ್ತವೆ. ತಡವಾದರೆ ಮುಚ್ಚಿಡಬೇಡಿ, "ತಡವಾಗಿ ದಾಖಲಿಸಿದ್ದು" ಅಂತ ಬರೆದು ನಿಜವಾದ ಸಮಯ ಹಾಕಿ. ತುರ್ತಿನಲ್ಲಿ ತಡ ಆಗೋದು ಸಹಜ, ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ. ಆರು ಗಂಟೆಯ ವೈಟಲ್ಸ್ (ಪಲ್ಸ್, ಬಿಪಿ, ಉಸಿರು, ಜ್ವರ) ಐದೂಮುಕ್ಕಾಲಕ್ಕೇ ಎಂಟ್ರಿ ಆಗಿದ್ದರೆ ಮಾತ್ರ ಉತ್ತರ ಹೇಳೋದು ಕಷ್ಟ.

ತಪ್ಪು ರೋಗಿಯ ಫೈಲ್‌ನಲ್ಲಿ ಬರೆದುಬಿಟ್ಟರೆ?

ಗಾಬರಿ ಬೇಡ, ಅಳಿಸಲು ಹೋಗಲೂ ಬೇಡ. ತಂತ್ರಾಂಶದಲ್ಲಿ ತಿದ್ದುಪಡಿಗೆ ಜಾಗ ಇರುತ್ತದೆ. ಅಲ್ಲಿ ತಪ್ಪು ಎಂಟ್ರಿ ಅಂತ ಗುರುತಿಸಿ, ಸರಿಯಾದ ಫೈಲ್‌ನಲ್ಲಿ ಬರೆಯಿರಿ. ಹಳೆಯದು ಹಿಂದೆ ಉಳಿದೇ ಇರುತ್ತದೆ, ಉಳಿಯಲೇಬೇಕು. ಯಾಕೆಂದರೆ ಆ ತಪ್ಪು ಎಂಟ್ರಿ ನೋಡಿ ಯಾರಾದರೂ ಅಷ್ಟರಲ್ಲಿ ಏನಾದರೂ ಮಾಡಿರಬಹುದು. ಅದಕ್ಕೇ ತಿದ್ದಿದ ಮೇಲೆ ಸಂಬಂಧಪಟ್ಟ ಡಾಕ್ಟರ್‌ಗೆ ಬಾಯಿಬಿಟ್ಟು ಹೇಳಿ.

ನಿನ್ನೆಯ ನೋಟ್ಸ್ ಕಾಪಿ ಮಾಡಿ ಇವತ್ತಿಗೆ ಹಾಕಬಹುದಾ?

ಬೇಡ. ಮೊನ್ನೆ ತೆಗೆದ ಕ್ಯಾತಿಟರ್ ಇವತ್ತಿನ ನೋಟ್ಸ್‌ನಲ್ಲಿ ಇನ್ನೂ "ಸರಿಯಾಗಿ ಹರಿಯುತ್ತಿದೆ" ಅಂತ ಇರುತ್ತದೆ. ಓದಿದವರಿಗೆ ಆಮೇಲೆ ನಿಮ್ಮ ಬೇರೆ ಯಾವ ಸಾಲಿನ ಮೇಲೂ ನಂಬಿಕೆ ಬರುವುದಿಲ್ಲ.

ಅಂಕಿ ಹಾಕುವಾಗ ಏನು ನೋಡಬೇಕು?

ಸೊನ್ನೆ, ಚುಕ್ಕಿ, ಅಳತೆ. ಅರ್ಧ ಮಿಲಿಗ್ರಾಂ ಅಂದರೆ 0.5 ಅಂತ ಬರೆಯಬೇಕು. ಮುಂದಿನ ಸೊನ್ನೆ ಬಿಟ್ಟು .5 ಅಂತ ಬರೆದರೆ ಚುಕ್ಕಿ ಕಾಣದೆ 5 ಆಗುತ್ತದೆ. ಐದು ಮಿಲಿಗ್ರಾಂಗೆ ಬರೀ 5 ಸಾಕು, 5.0 ಬೇಡ. ಅಲ್ಲಿ ಚುಕ್ಕಿ ತಪ್ಪಿದರೆ 50. ಎರಡೂ ಕಡೆ ಹತ್ತು ಪಟ್ಟು ಡೋಸ್. ಇನ್ಸುಲಿನ್‌ಗೆ ಯೂನಿಟ್ ಅನ್ನೋದನ್ನು ಪೂರ್ತಿ ಬರೆಯಿರಿ. ಒಂದಕ್ಷರದ ಗುರುತು U ಸೊನ್ನೆಯಂತೆ ಕಂಡು ಅನಾಹುತ ಆಗುತ್ತದೆ ಅಂತಲೇ ಅದನ್ನು ಬಳಸಬಾರದ ಗುರುತುಗಳ ಪಟ್ಟಿಗೆ ಸೇರಿಸಿದ್ದಾರೆ.

ತೂಕ ಕಿಲೋದಲ್ಲೇ ಇರಲಿ, ಅದೂ ತೂಗಿದ ತೂಕ. ಮನೆಯವರು ಅಂದಾಜಿಗೆ ಹೇಳಿದ್ದನ್ನು ಹಾಕಿದರೆ, ಕಂಪ್ಯೂಟರ್ ಆ ಅಂದಾಜಿನ ಮೇಲೆ ಮೈಕ್ರೋಗ್ರಾಂವರೆಗೆ ಲೆಕ್ಕ ಹಾಕಿ ಕೊಡುತ್ತದೆ. ಲೆಕ್ಕ ನೋಡಲು ಬಹಳ ನಿಖರ. ಮಕ್ಕಳ ವಾರ್ಡ್‌ನಲ್ಲಿ ಇದರಷ್ಟು ಅಪಾಯ ಬೇರೆ ಇಲ್ಲ.

ಬಾರ್‌ಕೋಡ್ ಸ್ಕ್ಯಾನ್ ನಿಜವಾಗಿ ಉಪಯೋಗ ಇದೆಯಾ, ಇಲ್ಲ ಇನ್ನೊಂದು ಕೆಲಸ ಅಷ್ಟೇನಾ?

ಉಪಯೋಗ ಇದೆ, ಅಳೆದೂ ನೋಡಿದ್ದಾರೆ. ಬಾಸ್ಟನ್‌ನ ಬ್ರಿಗಮ್ ಆ್ಯಂಡ್ ವಿಮೆನ್ಸ್ ಆಸ್ಪತ್ರೆಯಲ್ಲಿ 14,041 ಸಲ ಔಷಧ ಕೊಟ್ಟದ್ದನ್ನು ಪಕ್ಕದಲ್ಲೇ ನಿಂತು ಗಮನಿಸಿದರು. ಸಮಯದ ಏರುಪೇರು ಬಿಟ್ಟು ಬೇರೆ ತಪ್ಪುಗಳು ಸ್ಕ್ಯಾನ್ ಇಲ್ಲದ ಕಡೆ ನೂರಕ್ಕೆ 11.5, ಸ್ಕ್ಯಾನ್ ಇದ್ದ ಕಡೆ 6.8. ಈ ಅಧ್ಯಯನ 2010ರಲ್ಲಿ ಪ್ರಕಟವಾಯಿತು. 6.8 ಕೂಡ ಸೊನ್ನೆ ಅಲ್ಲ ಅನ್ನೋದನ್ನೂ ನೆನಪಿಟ್ಟುಕೊಳ್ಳಿ.

ಅಂದಹಾಗೆ ಇದನ್ನು ವಾರ್ಡ್‌ಗೆ ತರಬೇಕು ಅಂತ ಹೊಳೆದದ್ದು ಒಬ್ಬ ನರ್ಸ್‌ಗೆ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಟೊಪೀಕಾದಲ್ಲಿ, ಮಾಜಿ ಸೈನಿಕರ ಆಸ್ಪತ್ರೆಯಲ್ಲಿದ್ದ ಸೂ ಕಿನಿಕ್. 1990ರ ದಶಕದ ಮೊದಲಲ್ಲಿ ಬಾಡಿಗೆ ಕಾರು ವಾಪಸ್ ಕೊಡುವಾಗ ಅಲ್ಲಿನವರು ಕೈಯಲ್ಲಿ ಹಿಡಿದ ಸ್ಕ್ಯಾನರ್ ನೋಡಿ, ಕಾರಿಗೆ ಮಾಡೋದನ್ನು ಮಾತ್ರೆಗೆ ಯಾಕೆ ಮಾಡಬಾರದು ಅಂದರಂತೆ.

ಸ್ಕ್ಯಾನ್ ಮಾಡುವಾಗ ನಡೆಯೋದು ಇಷ್ಟೇ. ಮೊದಲು ರೋಗಿಯ ಕೈಪಟ್ಟಿ, ಆಮೇಲೆ ಔಷಧದ ಪೊಟ್ಟಣ. ಈ ರೋಗಿಗೆ, ಈ ಔಷಧ, ಈ ಡೋಸ್, ಈ ಹೊತ್ತಿಗೆ ಬರೆದಿದ್ದಾರಾ ಅಂತ ಯಂತ್ರ ಹೊಂದಿಸಿ ನೋಡುತ್ತದೆ. ಇಡೀ ಲಾಭ ಇರೋದು "ಕೈಯಲ್ಲಿ ಕಟ್ಟಿದ" ಪಟ್ಟಿಯಲ್ಲಿ. ಕೈಪಟ್ಟಿಯ ಇನ್ನೊಂದು ಪ್ರತಿ ಪ್ರಿಂಟ್ ಮಾಡಿ ಸ್ಟೇಷನ್ ಟೇಬಲ್ ಮೇಲೆ ಅಂಟಿಸಿಕೊಂಡು ಅಲ್ಲೇ ಸ್ಕ್ಯಾನ್ ಮಾಡಿ ಹೋಗುವವರನ್ನು ನೀವೂ ನೋಡಿರುತ್ತೀರಿ. ಆಗ ಪರದೆ ಹಸಿರು ತೋರಿಸುತ್ತದೆ, ಮಾತ್ರೆ ಪಕ್ಕದ ಬೆಡ್‌ಗೆ ಹೋಗಿರುತ್ತದೆ.

ಹಾಗೆ ಮಾಡೋರೆಲ್ಲ ಸೋಮಾರಿಗಳು ಅಂತ ಅನ್ನಬೇಡಿ. 2008ರಲ್ಲಿ ಕಾಪೆಲ್ ಮತ್ತವರ ತಂಡ ಇಂಥ 15 ಬಗೆಯ ಅಡ್ಡದಾರಿಗಳನ್ನೂ ಅವಕ್ಕೆ 31 ಕಾರಣಗಳನ್ನೂ ಪಟ್ಟಿ ಮಾಡಿತು. ಕಾರಣಗಳನ್ನು ಓದಿದರೆ ನಮ್ಮದೇ ವಾರ್ಡ್ ಅನ್ನಿಸುತ್ತದೆ. ಸುಕ್ಕಾದ ಬಾರ್‌ಕೋಡ್, ಒದ್ದೆಯಾಗಿ ಅಳಿಸಿದ ಕೈಪಟ್ಟಿ, ಚಾರ್ಜ್ ಮುಗಿದ ಸ್ಕ್ಯಾನರ್, ಮೂಲೆಯ ಬೆಡ್‌ಗೆ ಸಿಗದ ವೈಫೈ. ಅಡ್ಡದಾರಿ ಹುಟ್ಟಿದ ಕಡೆ ದಾರಿ ಕೆಟ್ಟಿದೆ ಅಂತ ಅರ್ಥ. ಬೈಯೋ ಬದಲು ಬ್ಯಾಟರಿ ಬದಲಿಸಿ.

ಎಚ್ಚರಿಕೆ ಅಂಕ ಅಂತ ಪರದೆ ಮೇಲೆ ಬರುತ್ತಲ್ಲ, ಅದನ್ನು ಹೇಗೆ ಲೆಕ್ಕ ಹಾಕ್ತಾರೆ?

ರೋಗಿ ಹದಗೆಡುತ್ತಿರುವುದನ್ನು ಬೇಗ ತಿಳಿಯಲು ಹಾಕುವ ಈ ಅಂಕದಲ್ಲಿ ಹಲವು ಬಗೆ ಇವೆ. ಹೆಚ್ಚು ಹೆಸರಾದದ್ದು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ ನ್ಯೂಸ್2. ಉಸಿರಾಟ, ರಕ್ತದಲ್ಲಿನ ಆಮ್ಲಜನಕ, ಮೇಲಿನ ಬಿಪಿ, ಪಲ್ಸ್, ಎಚ್ಚರ, ಜ್ವರ ಈ ಆರಕ್ಕೆ ತಲಾ 0ಯಿಂದ 3 ಅಂಕ. ಆಕ್ಸಿಜನ್ ಕೊಡುತ್ತಿದ್ದರೆ ಇನ್ನೂ 2.

ಒಬ್ಬ ರೋಗಿಯನ್ನು ತೆಗೆದುಕೊಳ್ಳೋಣ. ಉಸಿರು ನಿಮಿಷಕ್ಕೆ 22, ಅಂಕ 2. ಆಮ್ಲಜನಕ 94, ಅಂಕ 1. ಆಕ್ಸಿಜನ್ ಹಾಕಿಲ್ಲ, 0. ಮೇಲಿನ ಬಿಪಿ 104, ಅಂಕ 1. ಪಲ್ಸ್ 114, ಅಂಕ 2. ಎಚ್ಚರ ಇದ್ದಾರೆ, 0. ಜ್ವರ 38.2 ಡಿಗ್ರಿ ಸೆಲ್ಸಿಯಸ್, ಅಂಕ 1. ಒಟ್ಟು 7. ಬಿಡಿಬಿಡಿಯಾಗಿ ನೋಡಿದರೆ ಯಾವ ಅಂಕಿಯೂ ಹೆದರಿಸುವುದಿಲ್ಲ. ಒಟ್ಟು ಸೇರಿದಾಗ 7, ಅಂದರೆ ತುರ್ತು ತಂಡವನ್ನು ಕರೆಯಬೇಕಾದ ಮಟ್ಟ. 5 ಅಥವಾ 6 ಬಂದರೆ ಡಾಕ್ಟರ್ ಬೇಗ ಬಂದು ನೋಡಬೇಕು. ಯಾವುದಾದರೂ ಒಂದರಲ್ಲೇ 3 ಬಂದರೂ ಡಾಕ್ಟರ್‌ಗೆ ಹೇಳಬೇಕು.

ಈಗ ಇದೇ ರೋಗಿಯ ಉಸಿರನ್ನು ಯಾರೂ ಎಣಿಸಲಿಲ್ಲ ಅನ್ನಿ. ರೂಢಿಯಂತೆ 18 ಅಂತ ಹಾಕಿದರು. 18ಕ್ಕೆ ಅಂಕ 0. ಒಟ್ಟು 5ಕ್ಕೆ ಇಳಿಯಿತು. ತುರ್ತು ತಂಡ ಬರುವುದಿಲ್ಲ. ಬಿಪಿ, ಪಲ್ಸ್, ಆಮ್ಲಜನಕ ಎಲ್ಲ ಯಂತ್ರ ಕೊಡುತ್ತದೆ, ಉಸಿರು ಮಾತ್ರ ಬಹಳ ಕಡೆ ಇನ್ನೂ ನಾವೇ ಎಣಿಸಬೇಕು. ಅದಕ್ಕೇ ಅತಿ ಹೆಚ್ಚು ಕಾಟಾಚಾರಕ್ಕೆ ಒಳಗಾಗೋದು ಅದೇ. ಇಡೀ ವಾರ್ಡ್‌ನ ಚಾರ್ಟ್‌ನಲ್ಲಿ ಎಲ್ಲರ ಉಸಿರೂ 18 ಅಥವಾ 20 ಇದ್ದರೆ ಯಾರೂ ಎಣಿಸಿಲ್ಲ ಅಂತಲೇ ತಿಳಿಯಿರಿ. ಒಂದು ನಿಮಿಷ ಎದೆ ನೋಡುತ್ತಾ ನಿಲ್ಲೋದು ಈ ಪುಟದಲ್ಲಿರುವ ಎಲ್ಲ ತಂತ್ರಜ್ಞಾನಕ್ಕಿಂತ ಅಗ್ಗ, ನನ್ನ ಲೆಕ್ಕದಲ್ಲಿ ಹೆಚ್ಚು ಬೆಲೆಯದ್ದು.

ಅಲಾರ್ಮ್ ದಿನವಿಡೀ ಕೂಗ್ತಾನೇ ಇರುತ್ತೆ. ಆಫ್ ಮಾಡಿದರೆ ತಪ್ಪಾ?

ತಪ್ಪು. ಆದರೆ ಆಫ್ ಮಾಡಬೇಕು ಅನ್ನಿಸೋದು ತಪ್ಪಲ್ಲ. ಅಲಾರ್ಮ್‌ಗಳಲ್ಲಿ ನೂರಕ್ಕೆ 85ರಿಂದ 99 ಯಾವ ಚಿಕಿತ್ಸೆಯೂ ಬೇಡದವು ಅಂತ ಅಂದಾಜಿದೆ. ಕೇಳಿ ಕೇಳಿ ಕಿವಿ ಒಗ್ಗಿಹೋಗುತ್ತದೆ, ನಿಜವಾದದ್ದೂ ಕೇಳಿಸುವುದಿಲ್ಲ. 2009ರ ಜನವರಿಯಿಂದ 2012ರ ಜೂನ್‌ವರೆಗೆ ಆಸ್ಪತ್ರೆಗಳ ಗುಣಮಟ್ಟ ನೋಡುವ ಅಮೆರಿಕದ ಜಾಯಿಂಟ್ ಕಮಿಷನ್‌ಗೆ ಅಲಾರ್ಮ್‌ಗೆ ಸಂಬಂಧಿಸಿದ 98 ಘಟನೆಗಳು ವರದಿಯಾದವು. 80ರಲ್ಲಿ ರೋಗಿ ಸತ್ತಿದ್ದರು.

ಮಾಡಬಹುದಾದದ್ದು ಇದೆ. ಇಸಿಜಿ ಎಲೆಕ್ಟ್ರೋಡ್‌ಗಳನ್ನು ದಿನಕ್ಕೊಮ್ಮೆ ಬದಲಿಸಿ, ಅಂಟಿಸೋ ಮೊದಲು ಚರ್ಮ ಒರೆಸಿ ಒಣಗಿಸಿ. ಇಷ್ಟರಿಂದಲೇ ಸುಳ್ಳು ಕೂಗು ಕಡಿಮೆಯಾಗುತ್ತದೆ. ಮಿತಿಯನ್ನು ರೋಗಿಗೆ ತಕ್ಕಂತೆ ಹೊಂದಿಸಿ. ಸದಾ ಪಲ್ಸ್ 52 ಇರುವ ಆರೋಗ್ಯವಂತ ಓಟಗಾರನಿಗೆ 60ರ ಮಿತಿ ಇಟ್ಟರೆ ಅದು ಕೂಗದೆ ಏನು ಮಾಡೀತು? ಮಿತಿ ಬದಲಿಸಲು ಯಾರ ಒಪ್ಪಿಗೆ ಬೇಕು ಅನ್ನೋ ನಿಯಮ ನಿಮ್ಮ ಆಸ್ಪತ್ರೆಯಲ್ಲಿ ಇರುತ್ತದೆ, ಕೇಳಿ ತಿಳಿದುಕೊಳ್ಳಿ.

ಪರದೆ ಒಂದು ಹೇಳುತ್ತೆ, ರೋಗಿ ಇನ್ನೊಂದು ಥರ ಕಾಣ್ತಾರೆ. ಯಾವುದನ್ನು ನಂಬೋದು?

ರೋಗಿಯನ್ನು ನೋಡಿ, ಆಮೇಲೆ ಯಂತ್ರ ನೋಡಿ. ಆಮ್ಲಜನಕ 82 ಅಂತ ತೋರಿಸುತ್ತಿದೆ, ರೋಗಿ ಆರಾಮಾಗಿ ಮಾತಾಡುತ್ತಿದ್ದಾರೆ. ಬೆರಳು ತಣ್ಣಗಿರಬಹುದು, ಗಾಢ ನೇಲ್ ಪಾಲಿಶ್ ಇರಬಹುದು, ಕ್ಲಿಪ್ ಜಾರಿರಬಹುದು. ಅಲೆಯ ಗೆರೆ ಸರಿಯಾಗಿ ಏಳದಿದ್ದರೆ ಆ ಸಂಖ್ಯೆಗೆ ಬೆಲೆ ಇಲ್ಲ.

ಇದರ ಉಲ್ಟಾ ಇನ್ನೂ ಅಪಾಯ. ಸಂಖ್ಯೆ ಚೆನ್ನಾಗಿದೆ, ರೋಗಿ ಚೆನ್ನಾಗಿಲ್ಲ. ಪಲ್ಸ್ ಆಕ್ಸಿಮೀಟರ್ ಬೆಳಕನ್ನು ಚರ್ಮದ ಮೂಲಕ ಹಾಯಿಸಿ ಅಳೆಯುತ್ತದೆ, ಚರ್ಮದ ಬಣ್ಣ ಅದಕ್ಕೆ ಅಡ್ಡ ಬರುತ್ತದೆ. 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನ ನೋಡಿ. ಯಂತ್ರ 92ರಿಂದ 96 ತೋರಿಸುತ್ತಿದ್ದಾಗ ರಕ್ತ ತೆಗೆದು ಪರೀಕ್ಷಿಸಿದರೆ ನಿಜವಾದ ಮಟ್ಟ 88ಕ್ಕಿಂತ ಕೆಳಗೆ. ಹೀಗಾದದ್ದು ಕಪ್ಪು ವರ್ಣದ ರೋಗಿಗಳ ಅಳತೆಗಳಲ್ಲಿ ನೂರಕ್ಕೆ 11.7, ಬಿಳಿಯರಲ್ಲಿ 3.6. ಉಸಿರು ಎಳೆದುಕೊಳ್ಳುತ್ತಿರುವ ರೋಗಿಗೆ "94 ಇದೆಯಲ್ಲ" ಅಂತ ಸಮಾಧಾನ ಹೇಳಿ ಹೋಗುವ ಮೊದಲು ಇದು ನೆನಪಿರಲಿ.

ಎಲ್ಲ ಕಂಪ್ಯೂಟರ್‌ನಲ್ಲೇ ಇದ್ದರೆ ಶಿಫ್ಟ್ ಬದಲಾಗುವಾಗ ಬಾಯಿಮಾತಿನ ಹ್ಯಾಂಡೋವರ್ ಯಾಕೆ?

ಏನಾಯಿತು ಅನ್ನೋದು ಪರದೆಯಲ್ಲಿದೆ. ನಿಮಗೆ ಯಾವುದರ ಬಗ್ಗೆ ಆತಂಕ ಇದೆ ಅನ್ನೋದು ಅಲ್ಲಿಲ್ಲ. ಎಸ್‌ಬಾರ್ ರೀತಿ ಒಳ್ಳೆಯದು: ಈಗ ಏನಾಗಿದೆ, ಹಿನ್ನೆಲೆ ಏನು, ನನಗೆ ಏನನ್ನಿಸುತ್ತದೆ, ಏನು ಮಾಡಬೇಕು. ಇದು ಮೊದಲು ಹುಟ್ಟಿದ್ದು ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ, ಆಮೇಲೆ ಆಸ್ಪತ್ರೆಗೆ ಬಂತು. ಡಾಕ್ಟರ್‌ಗೆ ಫೋನ್ ಮಾಡುವಾಗಲೂ ಇದೇ ರೀತಿ ಹೇಳಿ. ಹೊಸಬರು ಮೂರನೆಯದನ್ನು ನುಂಗಿಬಿಡುತ್ತಾರೆ. "ಸರ್, ನನಗೆ ಇದು ಸರಿ ಕಾಣ್ತಿಲ್ಲ" ಅನ್ನೋಕೆ ಸಂಕೋಚ ಬೇಡ.

ಲಾಗಿನ್ ಇನ್ನೊಬ್ಬರಿಗೆ ಕೊಡಬಾರದು ಅಂತಾರೆ. ಬಿಡುವಿಲ್ಲದಾಗ ಏನು ಮಾಡೋದು?

ನಿಮ್ಮ ಲಾಗಿನ್ ನಿಮ್ಮ ಸಹಿ. ಅದರಲ್ಲಿ ಯಾರು ಏನು ಮಾಡಿದರೂ ಮಾಡಿದ್ದು ನೀವು ಅಂತಲೇ ದಾಖಲಾಗುತ್ತದೆ. ಯಾವ ಫೈಲ್ ಯಾರು ಎಷ್ಟು ಗಂಟೆಗೆ ತೆರೆದರು ಅನ್ನೋದೂ ಉಳಿಯುತ್ತದೆ, ಬರೆಯದೆ ಸುಮ್ನೆ ನೋಡಿದ್ದು ಕೂಡ. ಪರಿಚಯದವರು ಅಡ್ಮಿಟ್ ಆಗಿದ್ದಾರೆ, ಏನಾಗಿದೆ ಅಂತ ಒಂದು ಸಲ ನೋಡೋಣ ಅಂತ ತೆರೆಯಬೇಡಿ. ನಿಮ್ಮ ಆರೈಕೆಯಲ್ಲಿ ಇಲ್ಲದ ರೋಗಿಯ ಫೈಲ್ ನಿಮ್ಮದಲ್ಲ. ಬಿಡುವಿಲ್ಲ ಅನ್ನೋದು ನಿಜವಾದ ತೊಂದರೆ. ಕಾರ್ಡ್ ತೋರಿಸಿದರೆ ಒಳಗೆ ಬಿಡುವಂಥ ವ್ಯವಸ್ಥೆ ಕೇಳಿ, ಹಲವು ಕಡೆ ಬಂದಿದೆ.

ವಾಟ್ಸ್‌ಆ್ಯಪ್‌ನಲ್ಲಿ ಗಾಯದ ಫೋಟೋ ಕಳಿಸೋದು ಎಲ್ಲ ಕಡೆ ನಡೆಯುತ್ತೆ. ಆದರೂ ಹೇಳುತ್ತೇನೆ. ಆ ಫೋಟೋ ನಿಮ್ಮ ಮೊಬೈಲ್ ಗ್ಯಾಲರಿಯಲ್ಲಿ, ಅದರ ಬ್ಯಾಕಪ್‌ನಲ್ಲಿ, ಡಾಕ್ಟರ್ ಮೊಬೈಲ್‌ನಲ್ಲಿ ಉಳಿಯುತ್ತದೆ. ರೋಗಿಯ ಫೈಲ್‌ನಲ್ಲಿ ಮಾತ್ರ ಇರುವುದಿಲ್ಲ. ಆಸ್ಪತ್ರೆಯ ತಂತ್ರಾಂಶದಲ್ಲೇ ಫೋಟೋ ಸೇರಿಸುವ ದಾರಿ ಇದೆಯಾ ಅಂತ ಮೊದಲು ವಿಚಾರಿಸಿ. ರೋಗಿಯ ಒಪ್ಪಿಗೆ ಎಲ್ಲಕ್ಕಿಂತ ಮೊದಲು.

ಸಿಸ್ಟಮ್ ಡೌನ್ ಆದರೆ?

ಆಗೇ ಆಗುತ್ತದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನೋ, ಕಂಪ್ಯೂಟರ್‌ಗೆ ಬೀಗ ಹಾಕಿ ಹಣ ಕೇಳುವ ಸೈಬರ್ ದಾಳಿ ನಡೆದಾಗ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯ 236 ಟ್ರಸ್ಟ್‌ಗಳಲ್ಲಿ (ಆಸ್ಪತ್ರೆ ನಡೆಸುವ ಸಂಸ್ಥೆಗಳು) ಕನಿಷ್ಠ 80ಕ್ಕೆ ತೊಂದರೆಯಾಯಿತು. ಸುಮಾರು 19,000 ಅಪಾಯಿಂಟ್‌ಮೆಂಟ್ ರದ್ದಾದವು ಅಂತ ಅಂದಾಜು. ಸೋಂಕು ತಗುಲಿದ ಕಂಪ್ಯೂಟರ್‌ಗಳಲ್ಲಿ ಹೆಚ್ಚಿನವು ವಿಂಡೋಸ್ 7 ಇದ್ದವು, ಬಂದಿದ್ದ ಅಪ್‌ಡೇಟ್ ಹಾಕಿರಲಿಲ್ಲ. ಮಧ್ಯರಾತ್ರಿ ಅಪ್‌ಡೇಟ್ ಆಗುವಾಗ ನಮಗೆ ಸಿಟ್ಟು ಬರುತ್ತಲ್ಲ, ಅದು ಆಗೋದು ಇದಕ್ಕೇ.

ವಾರ್ಡ್‌ನಲ್ಲಿ ಕಾಗದದ ಚಾರ್ಟ್, ಔಷಧ ಹಾಳೆ, ಮುಖ್ಯ ಫೋನ್ ನಂಬರ್‌ಗಳು ಒಂದು ಪೆಟ್ಟಿಗೆಯಲ್ಲಿ ಇರಬೇಕು. ಅದೆಲ್ಲಿದೆ ಅಂತ ರಾತ್ರಿ ಡ್ಯೂಟಿಯವರಿಗೆ ಗೊತ್ತಿರಬೇಕು. ಡೌನ್ ಆದ ಹೊತ್ತು ಬರೆದಿಡಿ. ಸಿಸ್ಟಮ್ ವಾಪಸ್ ಬಂದ ಮೇಲೆ ಕಾಗದದಲ್ಲಿದ್ದದ್ದನ್ನು ಯಾರು ಎಂಟ್ರಿ ಮಾಡಬೇಕು ಅನ್ನೋದು ಮೊದಲೇ ತೀರ್ಮಾನ ಆಗಿರಲಿ. ಡೌನ್ ಆದಾಗಿಗಿಂತ ವಾಪಸ್ ಬಂದ ಮೇಲಿನ ಎರಡು ಗಂಟೆಯಲ್ಲೇ ಡೋಸ್‌ಗಳು ಕಲಸಿಹೋಗೋದು.

ಕೃತಕ ಬುದ್ಧಿಮತ್ತೆ ಬಂದ ಮೇಲೆ ನಮ್ಮ ಕೆಲಸ ಹೋಗುತ್ತಾ?

ರೋಗಿಯ ಮಗ್ಗುಲು ಬದಲಿಸಲು ಅದಕ್ಕೆ ಕೈ ಇಲ್ಲ. ಕೇಳಬೇಕಾದದ್ದು ಬೇರೆ: ಅದು ಹೇಳಿದ್ದನ್ನು ಎಷ್ಟು ನಂಬಬೇಕು? ಸೋಂಕಿನಿಂದ ಇಡೀ ದೇಹವೇ ಹದಗೆಡುವ ಸೆಪ್ಸಿಸ್ ಬರುವುದನ್ನು ಮೊದಲೇ ಹೇಳುವ, ಬಹಳ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದ ಒಂದು ತಂತ್ರಾಂಶವನ್ನು ಹೊರಗಿನವರು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು. ಸೆಪ್ಸಿಸ್ ಆದವರಲ್ಲಿ ನೂರಕ್ಕೆ 67 ಜನರನ್ನು ಅದು ಹಿಡಿದೇ ಇರಲಿಲ್ಲ. ಇನ್ನೊಂದು 2019ರದ್ದು. ಯಾರಿಗೆ ಹೆಚ್ಚು ಆರೈಕೆ ಬೇಕು ಅಂತ ಆರಿಸುವ ಲೆಕ್ಕವೊಂದು, ಕಾಯಿಲೆಯ ಬದಲು ಹಿಂದೆ ಆದ ಖರ್ಚನ್ನು ಅಳತೆಗೋಲು ಮಾಡಿಕೊಂಡಿತ್ತು. ಚಿಕಿತ್ಸೆಯೇ ಕಡಿಮೆ ಸಿಕ್ಕವರ ಖರ್ಚೂ ಕಡಿಮೆ ಅಲ್ವಾ? ಹಾಗಾಗಿ ಅಷ್ಟೇ ಕಾಯಿಲೆ ಇದ್ದ ಕಪ್ಪು ವರ್ಣದವರು ಹಿಂದೆ ಬಿದ್ದರು.

ಎಚ್ಚರಿಕೆ ಬಂದರೆ ಹೋಗಿ ನೋಡಿ. ಬರಲಿಲ್ಲ ಅಂತ ನೋಡದೆ ಇರಬೇಡಿ. ರೋಗಿಯ ಹೆಸರು, ವಿವರ ಹೊರಗಿನ ಚಾಟ್ ತಂತ್ರಾಂಶಗಳಿಗೆ ಹಾಕಲೇಬೇಡಿ.

ಪರದೆ ನೋಡ್ತಾ ಮಾತಾಡಿದರೆ ರೋಗಿಗಳು ಬೇಜಾರು ಮಾಡ್ಕೋತಾರೆ.

ಮಾಡಿಕೊಳ್ಳಲೇಬೇಕು. ಮೊದಲು ಹತ್ತಿರ ಹೋಗಿ, ಹೆಸರು ಹಿಡಿದು ಮಾತಾಡಿಸಿ. ಆಮೇಲೆ "ನೀವು ಹೇಳಿದ್ದನ್ನು ಇಲ್ಲಿ ಬರೀತೀನಿ" ಅಂತ ಹೇಳಿ ಟೈಪ್ ಮಾಡಿ. ಗಾಲಿ ಮೇಲಿನ ಕಂಪ್ಯೂಟರ್ ಇದ್ದರೆ ಅದನ್ನು ನಿಮ್ಮಿಬ್ಬರ ಮಧ್ಯೆ ನಿಲ್ಲಿಸಬೇಡಿ, ಪಕ್ಕಕ್ಕೆ ಇಡಿ, ಅವರಿಗೂ ಕಾಣಲಿ. ತಮ್ಮ ಅಲರ್ಜಿ ಪಟ್ಟಿಯಲ್ಲಿ ಪೆನಿಸಿಲಿನ್ ಇಲ್ಲ ಅಂತ ರೋಗಿಯೇ ಹಿಡಿದುಕೊಟ್ಟ ಉದಾಹರಣೆಗಳಿವೆ.

ನನಗೆ ಟೈಪಿಂಗ್ ನಿಧಾನ. ಕಿರಿಯರ ಮುಂದೆ ನಾಚಿಕೆ ಆಗುತ್ತೆ.

ನಿಧಾನ ಆದರೆ ತೊಂದರೆ ಇಲ್ಲ. ದಿನಾ ಬಳಸುವ ನಾಲ್ಕೈದು ಪರದೆಗಳನ್ನು ಮೊದಲು ಕಲಿಯಿರಿ, ಉಳಿದದ್ದು ಬೇಕಾದಾಗ. ರೋಗಿ ಹದಗೆಡುವುದನ್ನು ಬಾಗಿಲಲ್ಲೇ ಗುರುತಿಸುವ ಕಣ್ಣು ನಿಮಗಿದೆ, ಬೇಗ ಟೈಪ್ ಮಾಡುವ ಹುಡುಗಿಗೆ ಅದು ಇನ್ನೂ ಬಂದಿಲ್ಲ. ಇಬ್ಬರನ್ನೂ ಒಂದೇ ಶಿಫ್ಟ್‌ಗೆ ಹಾಕಿ ಅಂತ ಇನ್‌ಚಾರ್ಜ್‌ಗೆ ಕೇಳಿ.

ತಂತ್ರಾಂಶದಲ್ಲಿ ತೊಂದರೆ ಇದೆ ಅಂತ ಹೇಳಿದರೆ ಯಾರೂ ಕೇಳಿಸಿಕೊಳ್ಳಲ್ಲ.

"ಸರಿ ಇಲ್ಲ" ಅಂದರೆ ಕೇಳಿಸಿಕೊಳ್ಳುವುದಿಲ್ಲ. ಯಾವ ಪರದೆ, ಏನು ಒತ್ತಿದಾಗ, ಏನಾಗಬೇಕಿತ್ತು, ಏನಾಯಿತು, ಎಷ್ಟು ಗಂಟೆಗೆ ಅಂತ ಬರೆದು ಕೊಡಿ. ರೋಗಿಗೆ ಆಗಬಹುದಾಗಿದ್ದ ಅಪಾಯವನ್ನು ಮೊದಲ ಸಾಲಿನಲ್ಲೇ ಹಾಕಿ. "ಒಂದೇ ಹೆಸರಿನ ಇಬ್ಬರು ರೋಗಿಗಳು ಪಟ್ಟಿಯಲ್ಲಿ ಅಕ್ಕಪಕ್ಕ ಬರುತ್ತಾರೆ, ವಯಸ್ಸು ಕಾಣಲ್ಲ, ತಪ್ಪು ಫೈಲ್ ತೆರೆಯುತ್ತದೆ" ಅಂತ ಬರೆದರೆ ಐಟಿಯವರಿಗೂ ಏನು ತಿದ್ದಬೇಕು ಅಂತ ಗೊತ್ತಾಗುತ್ತದೆ. ಪರದೆಯ ಫೋಟೋ ಹಚ್ಚುವುದಾದರೆ ರೋಗಿಯ ಹೆಸರು, ನಂಬರ್ ಮುಚ್ಚಿ. ಹೊಸ ತಂತ್ರಾಂಶ ತರುವ ಸಮಿತಿಯಲ್ಲಿ ವಾರ್ಡ್‌ನಲ್ಲಿ ದಿನಾ ಕೆಲಸ ಮಾಡುವ ಒಬ್ಬ ನರ್ಸ್ ಇರಲಿ ಅಂತ ಕೇಳಿ. ಕೊಳ್ಳುವ ಮೊದಲು ರಾತ್ರಿ ಡ್ಯೂಟಿಯಲ್ಲಿ ಒಂದು ವಾರ ಬಳಸಿ ನೋಡಲು ಕೊಡಿ ಅನ್ನಿ. ಹಗಲು ಮೀಟಿಂಗ್ ರೂಮಿನಲ್ಲಿ ತೋರಿಸುವಾಗ ಎಲ್ಲ ತಂತ್ರಾಂಶವೂ ಚೆನ್ನಾಗಿಯೇ ಓಡುತ್ತದೆ.